ಎಲ್ಲರೂ ಒಳ್ಳೆಯವರಾಗಿದ್ದ ವಾರ

ಪರಿಮಳಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ಅವಳ ವೈರಿಗಳು ಹಬ್ಬಿಸಿದ ಮಾತಲ್ಲ. ಅವಳನ್ನು ಹೆತ್ತ ದೇವಕಮ್ಮನೇ ಹುಟ್ಟೂರು ಸಗರದ ಓಣಿ ತುಂಬ ಸಾರಿಕೊಂಡು ಬಂದದ್ದು. ಆದರೆ ಕೆಲಸದ ವಿಷಯದಲ್ಲಿ ಮಾತ್ರ ಯಾರೂ ಅವಳಿಗೆ ಬೆರಳು ತೋರಿಸುವಂತಿರಲಿಲ್ಲ. ಹೊನ್ನಬೆಳಗು ಕಣ್ಣಿನ ಆಸ್ಪತ್ರೆಗೆ ಯಾದಗಿರಿಯಲ್ಲಿ ದೊಡ್ಡ ಕಟ್ಟಡವಿದೆ, ಶಹಾಪುರ ಮತ್ತು ಸುರಪುರದಲ್ಲಿ ಒಂದೊಂದು ಶಾಖೆ. ಮೂರೂ ಊರಿನ ಕಂಪ್ಯೂಟರುಗಳ ಬೇನೆ ಬೇಸರಿಕೆ ನೋಡುವವಳು ಇವಳೊಬ್ಬಳೇ.

ಹೋದ ಬೇಸಿಗೆಯಲ್ಲಿ ಅವಕ್ಕೆ ದೊಡ್ಡ ಬೇನೆಯೇ ಬಂತು. ರೋಗಿಯ ಕಡೆಯವರು ಯಾರೋ ತಂದ ಪೆನ್ ಡ್ರೈವಿನಿಂದ ವೈರಸ್ ಒಳಗೆ ನುಗ್ಗಿ, ಮೂರೂ ಊರಿನ ಕಂಪ್ಯೂಟರುಗಳು ಒಟ್ಟಿಗೆ ಕೆಟ್ಟು ಕೂತವು. ಪೊರೆ ತೆಗೆಸಿಕೊಳ್ಳಲು ಕಣ್ಣಿಗೆ ಹನಿ ಹಾಕಿಸಿಕೊಂಡು ಸಾಲಾಗಿ ಕೂತಿದ್ದ ಮುದುಕ ಮುದುಕಿಯರನ್ನು ವಾಪಸು ಕಳಿಸಬೇಕಾಯಿತು. ಆಡಳಿತ ನೋಡಿಕೊಳ್ಳುವ ಶ್ರೀಮಂತ ಸಾಹೇಬರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈ ಮುಗಿದು ಕಳಿಸಿದರು. ಆ ದಿನದಿಂದ ಅವರಿಗೆ ಪೆನ್ ಡ್ರೈವ್ ಕಂಡರೆ ಚೇಳು ಕಂಡ ಹಾಗೆ ಆಗುತ್ತಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿಯೂ ಅದೇ ಆಯಿತು. ಇನ್ನು ಮೇಲೆ ನಾವು ಒಪ್ಪಿದ ಪ್ರೋಗ್ರಾಮ್ ಮಾತ್ರ ನಡೆಯಬೇಕು, ಉಳಿದದ್ದೆಲ್ಲ ಬಂದ್ ಎಂದು ಸಾಹೇಬರು ಹುಕುಂ ಮಾಡಿದರು. ಇಂಥ ಕಟ್ಟಳೆಗೆ ಪರಿಮಳಾಳ ಕಸುಬಿನವರು ಪಾಲಿಸಿ ಎನ್ನುತ್ತಾರೆ. ಬಣ್ಣಬಣ್ಣದ ಚಿತ್ರ ಒತ್ತಿ ಅದನ್ನು ಮಾಡುವುದಕ್ಕಿಂತ, ಕರಿ ಪರದೆಯ ಮೇಲೆ ಬರೀ ಅಕ್ಷರದಲ್ಲಿ ಆಜ್ಞೆ ಬರೆದು ಮಾಡುವುದೇ ಅವಳಿಗೆ ಪ್ರೀತಿ. ಯಾದಗಿರಿಯಲ್ಲಿ ಕೂತು ಒಂದು ಸಾಲು ಬರೆದು ಎಂಟರ್ ಒತ್ತಿದರೆ ಸುರಪುರದ ಕಂಪ್ಯೂಟರ್ ಹೂಂ ಅನ್ನುತ್ತದೆ. ಮನುಷ್ಯರ ಹಾಗೆ ಎದುರು ಮಾತಾಡುವುದಿಲ್ಲ.

ಹಾಗೆಂದು ಒಂದೇ ಏಟಿಗೆ ಬಾಗಿಲು ಹಾಕುವಷ್ಟು ದಡ್ಡಿಯೂ ಅವಳಲ್ಲ. ಪಾಲಿಸಿಗೆ ಆಡಿಟ್ ಎಂಬ ಒಂದು ಮೆತ್ತನೆಯ ರೂಪವಿದೆ. ಅದು ಏನನ್ನೂ ತಡೆಯುವುದಿಲ್ಲ, ಯಾರು ಯಾವ ಪ್ರೋಗ್ರಾಮ್ ತೆರೆದರು ಎಂದು ಸುಮ್ಮನೆ ಬರೆದಿಟ್ಟುಕೊಳ್ಳುತ್ತದೆ. ವಾರವೊಪ್ಪತ್ತು ಹಾಗೆ ಬಿಟ್ಟು, ಜನಕ್ಕೆ ನಿಜವಾಗಿ ಬೇಕಾದದ್ದು ಯಾವುದು ಎಂದು ತಿಳಿದುಕೊಂಡು, ಆಮೇಲೆ ಕಡ್ಡಾಯ ಮಾಡಬೇಕು. ಪುಸ್ತಕದ ಪ್ರಕಾರ ಇದು ಸರಿಯಾದ ದಾರಿ, ಪರಿಮಳಾ ಹಿಡಿದದ್ದೂ ಇದೇ ದಾರಿ.

ಎಡವಿದ್ದು ಬೇರೆ ಕಡೆ. ಆಡಿಟ್ ಶುರುವಾದ ದಿನ ಬೆಳಿಗ್ಗೆ ಯಾರೋ ಪುಣ್ಯಾತ್ಮ ಯಾದಗಿರಿಯ ಒಂದು ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ, ಮೇಲೆ ಕರ್ಚೀಫು ಹೊದಿಸಿ ಹೋಗಿದ್ದ. ಪರಿಮಳಾಗೆ ಪಿತ್ತ ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಆಸ್ಪತ್ರೆಯ ವಾಟ್ಸಾಪ್ ಗುಂಪಿಗೆ ಬರೆದಳು:

"ಇವತ್ತಿನಿಂದ ಯಾರ್ ಯಾವ ಪ್ರೋಗ್ರಾಮ್ ತೆಗಿತೀರಿ ಎಲ್ಲಾ ಕಂಪ್ಯೂಟರ್ ಬರಕೊಂತದ. ಹಾಡು, ಎಲಿ ಆಟ, ಎಲ್ಲೆಲ್ಲಿಂದೋ ತಂದು ಹಾಕಿದ್ದು, ಎಲ್ಲಾ ನನ್ನ ಕಣ್ಣಿಗೆ ಬೀಳ್ತದ. ಆಮ್ಯಾಲ ನನಗ ಅನಬ್ಯಾಡ್ರಿ."

ಅದಕ್ಕೆ ಇಪ್ಪತ್ತು ಜನ ಕೈ ಮುಗಿದ ಚಿತ್ರ ಹಾಕಿದರು. ವಾರ ಕಳೆದು ಬರಹ ತೆರೆದು ನೋಡಿದರೆ, ಅಬ್ಬಬ್ಬಾ! ಮೂರೂ ಊರಿನ ಜನ ಅಪರಂಜಿ. ಹಾಡಿಲ್ಲ, ಆಟವಿಲ್ಲ, ಆಸ್ಪತ್ರೆಯ ಪ್ರೋಗ್ರಾಮ್ ಬಿಟ್ಟರೆ ಇನ್ನೊಂದು ತೆರೆದವರಿಲ್ಲ. ನಮ್ಮ ಮಂದಿ ಇಷ್ಟು ಚಲೋ ಇದ್ದಾರೆಂದು ಗೊತ್ತೇ ಇರಲಿಲ್ಲ ಎಂದು ಪರಿಮಳಾ ಉಬ್ಬಿಹೋದಳು. ಗುರುವಾರ ಬೆಳಿಗ್ಗೆ ಕರಿ ಪರದೆಯಲ್ಲಿ ಒಂದು ಸಾಲು ಬರೆದು ಪಾಲಿಸಿಯನ್ನು ಕಡ್ಡಾಯ ಮಾಡಿದಳು. ಗುರುವಾರ ಒಂದೇ ಒಂದು ದೂರು ಬರಲಿಲ್ಲ. ಶುಕ್ರವಾರವೂ ಇಲ್ಲ. ಖುಷಿಗೆ ಸಂಜೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಹೋದಳು.

ಶನಿವಾರ ಹನ್ನೊಂದರ ಸುಮಾರಿಗೆ ಶ್ರೀಮಂತ ಸಾಹೇಬರು ಕೋಣೆಗೆ ಕರೆಸಿದರು.

"ಸುರಪುರದಾಗ ನಿನ್ನ ಬುದ್ಧಪ್ರಿಯ ಏನ್ ಮಾಡ್ಯಾನ ಗೊತ್ತದೇನು? ಬೋನಾಳದ ಮುದಕಿ ಹೆಸರಿಗಿ ರಂಗಂಪೇಟಿ ಹುಡುಗನ ಕಣ್ಣಿನ ವರದಿ ಕೂಡಸ್ಯಾನ. ಡಾಕ್ಟ್ರು ನೋಡಿದ್ದಕ್ಕ ಪಾಡಾತು. ಇಲ್ಲಂದ್ರ ಮುದಕಿ ಕಣ್ಣು ಯಾರ್ ತಂದು ಕೊಡಬೇಕಾಗಿತ್ತು?"

ಬುದ್ಧಪ್ರಿಯ ಸುರಪುರ ಶಾಖೆಯ ಮುಂಬಾಗಿಲ ಮೇಜಿನವನು. ಬಂದವರ ಹೆಸರು ಬರೆದುಕೊಳ್ಳುವುದು, ಸರದಿ ಕರೆಯುವುದು, ಫೋನಿಗೆ ಉತ್ತರ ಕೊಡುವುದು ಅವನ ಕೆಲಸ. ಹುಟ್ಟಿನಿಂದಲೇ ಅವನಿಗೆ ಕಣ್ಣಿಲ್ಲ. ಕಣ್ಣಿನ ದವಾಖಾನೆಯಲ್ಲಿ ಕುರುಡನನ್ನು ಕೂರಿಸಿದ್ದಾರೆ ನೋಡ್ರಿ ಎಂದು ಮೊದಮೊದಲು ಜನ ನಕ್ಕರು. ಈಗ ನಗುವುದಿಲ್ಲ. ವರ್ಷದ ಹಿಂದೆ ಒಮ್ಮೆ ಬಂದು ಹೋದವರು ಬಾಗಿಲಲ್ಲಿ ಕೆಮ್ಮಿದರೂ ಸಾಕು, "ಬರ್ರಿ, ಎಡಗಣ್ಣು ಈಗ ಹ್ಯಾಂಗದ?" ಎಂದು ಕೇಳುತ್ತಾನೆ. ಪರದೆಯ ಮೇಲಿನದನ್ನು ಓದಿ ಕಿವಿಗೆ ಹೇಳುವ ಒಂದು ಪ್ರೋಗ್ರಾಮ್ ಅವನ ಕಂಪ್ಯೂಟರಿನಲ್ಲಿದೆ. ಐದು ವರ್ಷದಲ್ಲಿ ಅವನು ಒಂದು ಹೆಸರು ತಪ್ಪಿದ್ದನ್ನು ಪರಿಮಳಾ ಕೇಳಿರಲಿಲ್ಲ.

"ಪಾಪ ಅಂತ ಇಷ್ಟು ದಿನ ಇಟ್ಟುಕೊಂಡ್ವಿ," ಎಂದರು ಸಾಹೇಬರು. "ಸೋಮವಾರ ಆ ಕುರ್ಚಿಗಿ ಇಲ್ಲಿ ನಮ್ಮ ಆಫೀಸಿನ ದಾನೇಶ್ವರಿನ್ನ ಕರಕೊಂಡು ಹೋಗ್ತೀನಿ. ಇವನಿಗಿ ಒಳಗ ಎಲ್ಲಿಯರ ಒಂದು ಸ್ಟೂಲ್ ಹಾಕಿ ಕೊಡೋಣು. ಪಗಾರ ಏನ್ ಕಡಿಮಿ ಮಾಡಂಗಿಲ್ಲ."

ಪಗಾರ ಕೊಟ್ಟು ಸ್ಟೂಲಿನ ಮೇಲೆ ಕೂರಿಸುವುದೆಂದರೆ ಏನೆಂದು ಪರಿಮಳಾಗೆ ಗೊತ್ತಿಲ್ಲವೇ! ಹೊರಗೆ ಬಂದವಳೇ ಸುರಪುರಕ್ಕೆ ಫೋನ್ ಹಚ್ಚಿದಳು. ಯಾಕೆ ಹೀಗಾಯಿತು ಎಂದರೆ ಬುದ್ಧಪ್ರಿಯ, "ಏನಿಲ್ಲ ಬಿಡ್ರಿ ಮೇಡಂ, ತಪ್ಪು ನಂದs ಅದ" ಎಂದು ಇಟ್ಟುಬಿಟ್ಟ. ಅವನು ಅಷ್ಟು ಚುಟುಕಾಗಿ ಮಾತಾಡುವ ಮನುಷ್ಯನೇ ಅಲ್ಲ. ಪರಿಮಳಾ ಚೀಲಕ್ಕೆ ಲ್ಯಾಪ್‌ಟಾಪ್ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು. ಶಹಾಪುರದಲ್ಲಿ ಬಸ್ಸು ನಿಂತಾಗ ಎಲ್ಲರೂ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆ ಮುಖ ಮಾಡಿ ಚಹಾ ಕುಡಿದರು. ಇವಳು ಸೀಟಿನಿಂದ ಏಳಲೇ ಇಲ್ಲ.

ಸುರಪುರ ಶಾಖೆಗೆ ಹೋದಾಗ ಮಧ್ಯಾಹ್ನದ ಊಟದ ಬಿಡುವು. ಬೆಂಚುಗಳ ಮೇಲೆ ನಾಲ್ಕೈದು ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಬುದ್ಧಪ್ರಿಯ ತನ್ನ ಮೇಜಿನ ಹಿಂದೆ ನೆಟ್ಟಗೆ ಕೂತಿದ್ದ. ಇಯರ್‌ಫೋನು ಕಿವಿಯಲ್ಲಿರಲಿಲ್ಲ, ಕೊರಳಲ್ಲಿ ನೇತಾಡುತ್ತಿತ್ತು.

"ಕಿವಿಗಿ ಯಾಕ ಹಾಕ್ಕೊಂಡಿಲ್ಲ?" ಬಂದವಳು ನಮಸ್ಕಾರವನ್ನೂ ಹೇಳಲಿಲ್ಲ.

"ಓ, ಪರಿಮಳಾ ಮೇಡಮ್ಮರು. ಬರ್ರಿ, ಕುಂದರ್ರಿ. ಅದು ಈಗ ಮಾತಾಡಂಗಿಲ್ರಿ."

"ಯಾವಾಗಿಂದ?"

"ಗುರುವಾರದಿಂದ್ರಿ."

ಅಂದರೆ ಪಾಲಿಸಿ ಕಡ್ಡಾಯವಾದ ದಿನದಿಂದಲೇ. ಮೂರು ದಿನದಿಂದ ಈ ಮನುಷ್ಯ ಮೂಕ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡಿದ್ದಾನೆ. ಎರಡು ದಿನ ಆಯಾ ಮಕ್ತುಂಬಿ ಹಿಂದೆ ನಿಂತು ಪರದೆ ಓದಿ ಹೇಳಿದ್ದಳು. ಇವತ್ತು ಅವಳ ಮಗಳ ಹೆರಿಗೆ, ಶಹಾಪುರಕ್ಕೆ ಹೋಗಿದ್ದಾಳೆ. ಇವನು ಬೆರಳ ನೆನಪಿನ ಮೇಲೆಯೇ ಒತ್ತಿದ್ದಾನೆ, ಒಂದು ಕಡೆ ತಪ್ಪಿದ್ದಾನೆ.

"ಹಂಗಾರ ನನಗ ಯಾಕ ಹೇಳಲಿಲ್ಲ? ಫೋನ್ ಇರಲಿಲ್ಲೇನು? ಆಡಿಟ್ ಇಟ್ಟಾಗ ಆ ಪ್ರೋಗ್ರಾಮ್ ಯಾಕ ಕಾಣಲಿಲ್ಲ ನನಗ? ಕಂಡಿದ್ರ ಅವಾಗs ಸೇರಸ್ತಿದ್ದೆ!" ಅವಳ ದನಿ ಬೆಂಚಿನವರೆಗೂ ಹೋಯಿತು. ಬುತ್ತಿ ಉಣ್ಣುವವರು ಕೈ ತಡೆದು ನೋಡಿದರು.

"ಆ ವಾರ ನಾನು ಅದನ್ನ ತೆಗಿಲೇ ಇಲ್ರಿ," ಎಂದ ಬುದ್ಧಪ್ರಿಯ. "ನೀವs ಬರದಿದ್ರಲ್ರಿ ಗ್ರೂಪಿನ್ಯಾಗ, ಎಲ್ಲೆಲ್ಲಿಂದೋ ತಂದು ಹಾಕಿದ್ದು ಎಲ್ಲಾ ಕಣ್ಣಿಗಿ ಬೀಳ್ತದ ಅಂತ. ನಂದು ಎಲ್ಲೆಲ್ಲಿಂದೋ ತಂದದ್ದs ಅಲ್ರಿ ಮತ್ತ? ನಮ್ಮ ಜೈಭೀಮ ಹಾಕಿಕೊಟ್ಟಿದ್ದು. ಕಳ್ಳ ಸಾಮಾನು ಅಂದು ಕುರ್ಚಿ ಕಸಗೊಂಡ್ರ ಅಂತ ಬಂದ್ ಮಾಡಿ ಕುಂತೆ. ಆ ವಾರನೂ ಮಕ್ತುಂಬಿನೇ ಓದಿ ಹೇಳಿದಳು."

"ಜೈಭೀಮ ಅಂದ್ರ?"

"ನನ್ನ ಗೆಳೆಯ್ರಿ, ರಂಗಂಪೇಟಿಯಾಗ ಸಾಲಿ ಮಾಸ್ತರ. ಓದಿ ಹೇಳೋ ಪ್ರೋಗ್ರಾಮ್ ಪುಕ್ಕಟೆ ಸಿಗತದ್ರಿ, ಖರೆ ಅದಕ್ಕ ನಮ್ಮ ಕಡಿ ಹೆಸರು ಬಾಯಿಗಿ ಬರ್ತಿದ್ದಿಲ್ಲ. ಗೌಹರಬೇಗಂ ಅನ್ನೂದನ್ನ ಏನರ ಒಂದು ಒದರತಿತ್ತು. ಮಂದಿ ಹೆಸರು ಕೆಡಿಸಿ ಕರದ್ರ ಎದ್ದು ಬರ್ತಾರೇನ್ರಿ? ಅದಕ್ಕ ಅವ ಬಿಚ್ಚಿ ತಿದ್ದಿ ಕೊಟ್ಟಾನ."

ಪರಿಮಳಾ ಕುರ್ಚಿ ಎಳೆದುಕೊಂಡು ಕೂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳರೇ ಇರಲಿಲ್ಲ, ಹೆಗಲು ಮಾತ್ರ ಎಲ್ಲರೂ ಮುಟ್ಟಿಕೊಂಡಿದ್ದರು. ಇನ್‌ಸ್ಪೆಕ್ಟರ್ ಬರುವ ದಿನ ಸಗರದ ಶಾಲೆಯಲ್ಲಿ ಇವಳೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೂತಿರಲಿಲ್ಲವೇ? ಅವತ್ತು ಇನ್‌ಸ್ಪೆಕ್ಟರ್ ಕಂಡ ಶಾಲೆಗೂ ದಿನದ ಶಾಲೆಗೂ ಏನು ಸಂಬಂಧ! ಅನುಮಾನ ಬಂದು ಶಹಾಪುರ ಶಾಖೆಯಲ್ಲಿ ಕನ್ನಡಕ ಮಾಡಿಕೊಡುವ ಫಿರೋಜ್‌ಗೆ ಫೋನ್ ಮಾಡಿದಳು.

"ಫಿರೋಜಣ್ಣ, ಖರೆ ಹೇಳು. ನಿನ್ನ ಕಡಿ ಏನರ ಬಂದ್ ಆಗ್ಯದೇನು?"

"ಹಂಗೇನಿಲ್ರಿ ಮೇಡಂ..." ಫಿರೋಜ್ ಎಳೆದ. "ಚಷ್ಮಾದ ನಂಬರ್ ಚೀಟಿ ಛಾಪಿಸೂದೊಂದು ಇತ್ರಿ, ನನ್ನ ಭಾಂಜಾ, ಅಕ್ಕನ ಮಗ, ಮಾಡಿಕೊಟ್ಟಿದ್ದು. ಈಗ ನಡ್ಯಾಂಗಿಲ್ಲ. ಕೈಲೆ ಬರ್ಯಾಕತ್ತೀನಿ, ಬೆರಳು ಬಾತಾವ. ನೀವು ಸಿಟ್ಟಾಗ್ತೀರಿ ಅಂತ..."

"ನಾ ಎದಕ್ಕ ಸಿಟ್ಟಾಗಲಿ?" ಎಂದು ಚೀರಿದಳು ಪರಿಮಳಾ. ಚೀರಿದ ಮೇಲೆ ಅವಳಿಗೇ ಗೊತ್ತಾಯಿತು. ಬುದ್ಧಪ್ರಿಯ ತುಟಿ ಬಿಗಿಹಿಡಿದು ನಗು ನುಂಗಿದ. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಈ ಜನಕ್ಕೆ ಹೆದರಿಕೆ ಕಂಪ್ಯೂಟರಿನದಲ್ಲ, ತನ್ನದು.

ಆದರೆ ನಾಚಿಕೊಂಡು ಕೂತರೆ ಸೋಮವಾರ ನಿಲ್ಲುವುದಿಲ್ಲ. ದಾನೇಶ್ವರಿ ಒಮ್ಮೆ ಆ ಕುರ್ಚಿಯಲ್ಲಿ ಕೂತಳೆಂದರೆ ಬುದ್ಧಪ್ರಿಯ ಮತ್ತೆ ಈ ಕಡೆ ಬರುವುದಿಲ್ಲ. ಯಾರೂ ಅವನನ್ನು ತೆಗೆದು ಹಾಕುವುದಿಲ್ಲ, ಬೈಯುವುದೂ ಇಲ್ಲ, ಒಳಗಿನ ಸ್ಟೂಲಿನ ಮೇಲೆ ಸುಮ್ಮನೆ ಮರೆತುಬಿಡುತ್ತಾರೆ. ಮಾಡಿದವಳು ತಾನು, ಉಣ್ಣುವವನು ಅವನು.

ಎಲ್ಲಕ್ಕಿಂತ ಸುಲಭದ ದಾರಿ ಅವಳ ಬೆರಳ ತುದಿಯಲ್ಲೇ ಇತ್ತು. ಈ ಒಂದು ಕಂಪ್ಯೂಟರಿನಿಂದ ಪಾಲಿಸಿ ತೆಗೆದು ಹಾಕಿದರಾಯಿತು. ಒಂದೇ ಸಾಲು. ಕರಿ ಪರದೆ ತೆರೆದು ಆ ಸಾಲು ಬರೆದೂ ಬಿಟ್ಟಳು. ಎಂಟರ್ ಒತ್ತಲು ಬೆರಳು ಎತ್ತಿದ್ದಳು, ಅಷ್ಟರಲ್ಲಿ ಬೋನಾಳದ ಈಶಪ್ಪ ಎಂಬಾತ ಬುತ್ತಿ ಮುಗಿಸಿ ಕೈ ಒರೆಸಿಕೊಳ್ಳುತ್ತ ಮೇಜಿಗೆ ಬಂದ. "ಕಲಬುರಗಿಯಾಗ ತಗಸಿದ ಸ್ಕ್ಯಾನ್ ಇದರಾಗ ಅದಂತ್ರೀ," ಎಂದು ಜೇಬಿನಿಂದ ತಂಬಾಕಿನ ಚೂರು ಅಂಟಿದ ಪೆನ್ ಡ್ರೈವ್ ತೆಗೆದು ಬುದ್ಧಪ್ರಿಯನ ಅಂಗೈಯಲ್ಲಿಟ್ಟ. ಬುದ್ಧಪ್ರಿಯ ಅದನ್ನು ಬಟ್ಟೆಯಿಂದ ಒರೆಸಿ, ಕಂಪ್ಯೂಟರಿಗೆ ಚುಚ್ಚಿದ.

ಪರಿಮಳಾಳ ಬೆರಳು ಅಲ್ಲೇ ನಿಂತಿತು. ಇಂಥದೇ ಮೇಜು, ಇಂಥದೇ ಪೆನ್ ಡ್ರೈವ್. ಹೋದ ಬೇಸಿಗೆಯ ವೈರಸ್ ಬಂದದ್ದು ಇಂಥ ಬಾಗಿಲಿನಿಂದಲೇ. ಊರಿಗೆಲ್ಲ ಬೇಲಿ ಹಾಕಿ ದೊಡ್ಡ ಬಾಗಿಲನ್ನೇ ಹಾರು ಹೊಡೆದಂತೆ ತೆರೆದಿಟ್ಟರೆ, ನಾಳೆ ಮತ್ತೆ ಹನಿ ಹಾಕಿಸಿಕೊಂಡ ಮುದುಕಿಯರನ್ನು ವಾಪಸು ಕಳಿಸಬೇಕಾಗುತ್ತದೆ. ಆಗ ಬುದ್ಧಪ್ರಿಯನ ಮೇಲೆಯೇ ಬರುತ್ತದೆ ಅಪವಾದ. ಬರೆದ ಸಾಲನ್ನು ಅಳಿಸಿದಳು.

"ಏನಾತ್ರಿ?" ಎಂದ ಬುದ್ಧಪ್ರಿಯ. ಅವಳು ಅಳಿಸುವ ಕೀಲಿಯನ್ನು ಒತ್ತಿ ಹಿಡಿದದ್ದು ಅವನಿಗೆ ಕೇಳಿಸಿತ್ತು.

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಜರಾ ತಡಿ. ನಿನ್ನ ಗೆಳೆಯಗ ಫೋನ್ ಹಚ್ಚು."

ಪ್ರೋಗ್ರಾಮನ್ನು ಒಪ್ಪಿಕೊಳ್ಳಲು ಎರಡು ದಾರಿ. ಒಂದು, ಅದರ ಅಕ್ಷರಗಳಿಂದಲೇ ಲೆಕ್ಕ ಹಾಕಿ ಬರುವ ಹೆಬ್ಬೆಟ್ಟಿನಂಥ ಗುರುತು ತೆಗೆದು ಪಾಲಿಸಿಗೆ ಸೇರಿಸುವುದು. ಆದರೆ ಜೈಭೀಮ ವಾರಕ್ಕೊಮ್ಮೆ ಹೊಸ ಊರು, ಹೊಸ ಮನೆತನದ ಹೆಸರು ಹಾಕಿ ಅದನ್ನು ತಿದ್ದುತ್ತಲೇ ಇರುತ್ತಾನೆ. ಒಂದಕ್ಷರ ತಿದ್ದಿದರೂ ಹೆಬ್ಬೆಟ್ಟು ಬದಲಾಗುತ್ತದೆ, ಕಂಪ್ಯೂಟರ್ ಮತ್ತೆ ಮೂಕ. ಇನ್ನೊಂದು ದಾರಿ, ಆಸ್ಪತ್ರೆಯದೇ ಒಂದು ಸಿಕ್ಕಾ, ಅಂದರೆ ಮೊಹರು, ಮಾಡಿ, ಪರೀಕ್ಷೆ ಮಾಡಿದ ಪ್ರೋಗ್ರಾಮಿಗೆ ಅದನ್ನು ಹೊಡೆಯುವುದು. ಈ ಸಿಕ್ಕಾ ಇದ್ದವರನ್ನು ಒಳಗೆ ಬಿಡು ಎಂದು ಪಾಲಿಸಿಗೆ ಒಮ್ಮೆ ಹೇಳಿದರೆ ಸಾಕು. ತಿದ್ದಿದಾಗಲೆಲ್ಲ ನೋಡಿ ಮತ್ತೊಮ್ಮೆ ಹೊಡೆಯಬಹುದು. ಇದು ಹೆಚ್ಚಿನ ಕೆಲಸ. ಇಷ್ಟು ದಿನ ಪರಿಮಳಾ ಇದನ್ನು ಬೇಸರಕ್ಕೆ ಮುಂದೂಡಿದ್ದಳು.

ಜೈಭೀಮ ಸೈಕಲ್ ಮೋಟಾರಿನ ಮೇಲೆ ಹಾರಿಕೊಂಡೇ ಬಂದ. ಸಣಕಲು ಮನುಷ್ಯ, ಬಂದವನೇ ಕೈಕಟ್ಟಿ ನಿಂತ, ಪೊಲೀಸ್ ಠಾಣೆಗೆ ಕರೆಸಿದ ಹಾಗೆ.

"ಕುಂದರ್ರಿ ಮಾಸ್ತರ, ಹೊಡ್ಯಾಂಗಿಲ್ಲ," ಎಂದಳು ಪರಿಮಳಾ. "ಎಲ್ಲೆಲ್ಲಿ ತಿದ್ದೀರಿ, ಎಲ್ಲಾ ತೋರಸ್ರಿ."

ಅವನು ತೋರಿಸಿದ. ಮೂಲದ್ದನ್ನೂ ತಿದ್ದಿದ್ದನ್ನೂ ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದಳು. ಎಲ್ಲೂ ಕಪಟವಿರಲಿಲ್ಲ, ಹೆಸರುಗಳೇ ಇದ್ದವು. ಮೂರು ತಾಲೂಕಿನ ಊರು ಕೇರಿ, ಮನೆತನ, ಅಡ್ಡಹೆಸರು, ಯಾವುದನ್ನು ಎಲ್ಲಿ ಎಳೆಯಬೇಕು, ಎಲ್ಲಿ ಒತ್ತಬೇಕು ಎಂದು ತಾಳ್ಮೆಯಿಂದ ಬರೆದಿಟ್ಟಿದ್ದ. ಒಂದೆರಡು ಕಡೆ ಹುಳುಕಿತ್ತು. ಅದನ್ನು ಅವಳು ಹೇಳಿದಳು, ಅವನು ಕೂತಲ್ಲೇ ಸರಿಪಡಿಸಿದ. ಗೆಳೆಯನೊಬ್ಬನಿಗಾಗಿ ಒಬ್ಬ ಮನುಷ್ಯ ಇಷ್ಟು ಮಾಡಿದ್ದಾನಲ್ಲ ಎಂದು ಅವಳ ಕಣ್ಣು ತೇವವಾದವು. ಅದನ್ನೂ ಕಳ್ಳ ಸಾಮಾನು ಅನ್ನಿಸಿಬಿಟ್ಟಿತಲ್ಲ ತನ್ನ ಬಾಯಿ!

ಸಿಕ್ಕಾ ತಯಾರಾಯಿತು, ಹೊಡೆದದ್ದಾಯಿತು. ಹೊಸ ಪಾಲಿಸಿಯನ್ನು ಕರಿ ಪರದೆಯಿಂದ ಕಂಪ್ಯೂಟರಿಗೆ ಕೊಟ್ಟು, ಹಳೆಯದರ ಜಾಗದಲ್ಲಿ ಇದನ್ನು ಓದಿಕೋ ಎಂದು ಇನ್ನೊಂದು ಸಾಲು ಬರೆದಳು. "ಈಗ ತೆಗಿ ನೋಡೋಣು."

ಬುದ್ಧಪ್ರಿಯ ಇಯರ್‌ಫೋನು ಕಿವಿಗೆ ಹಾಕಿಕೊಂಡು ಕೀಲಿ ಒತ್ತಿದ. ಏನೂ ಇಲ್ಲ. ಅವನ ಮುಖ ಸಣ್ಣಗಾಯಿತು. ಜೈಭೀಮ ನಿಟ್ಟುಸಿರು ಬಿಟ್ಟ.

"ಹೌಹಾರಬ್ಯಾಡ್ರಿ," ಎಂದಳು ಪರಿಮಳಾ. ಕಂಪ್ಯೂಟರ್ ಯಾವುದನ್ನು ತಡೆಯಿತು ಎಂದು ಕೇಳುವ ಸಾಲು ಬರೆದಳು. ಪ್ರೋಗ್ರಾಮಿನ ಜೊತೆಗೆ ಓಡುವ ಒಂದು ಸಣ್ಣ ಕಡತಕ್ಕೆ ಸಿಕ್ಕಾ ಹೊಡೆಯುವುದೇ ಮರೆತಿತ್ತು. ಮದುಮಗನನ್ನು ಒಳಗೆ ಬಿಟ್ಟು ಬೀಗರನ್ನು ಬಾಗಿಲಲ್ಲೇ ನಿಲ್ಲಿಸಿದಂತಾಗಿತ್ತು. ಅದಕ್ಕೂ ಹೊಡೆದಳು. "ಈಗ."

ಬುದ್ಧಪ್ರಿಯ ಒತ್ತಿದ. ತಲೆ ಸ್ವಲ್ಪ ವಾರೆಯಾಯಿತು. ಆಮೇಲೆ ಅವನ ಇಡೀ ಮುಖ ಬಿಚ್ಚಿಕೊಂಡಿತು. "ಬಂತ್ರಿ," ಎಂದ. "ಬಂತೋ ಜೈಭೀಮ, ಮಾತಾಡಾಕತ್ತದ!" ಇಯರ್‌ಫೋನಿನ ತಂತಿ ಕಿತ್ತು, ದನಿ ಹೊರಗೆ ಬಿಟ್ಟ. ಬೆಂಚಿನ ಮೇಲಿನವರಿಗೆಲ್ಲ ಕೇಳುವಂತೆ ಕಂಪ್ಯೂಟರ್ ಮಧ್ಯಾಹ್ನದ ಸರದಿ ಓದತೊಡಗಿತು. "ಈಶಪ್ಪ, ಬೋನಾಳ" ಎಂದಾಗ ಈಶಪ್ಪ ಬೆಚ್ಚಿ, "ನಾನs ರೀ!" ಎಂದು ಎದ್ದು ನಿಂತುಬಿಟ್ಟ.

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಪರಿಮಳಾ ಚೀಲ ಕಟ್ಟತೊಡಗಿದಳು. ಬುದ್ಧಪ್ರಿಯ ಏನೋ ಕೇಳಬೇಕೆಂದು ಹಿಂದೆ ಮುಂದೆ ನೋಡುತ್ತಿದ್ದ.

"ಮೇಡಂ, ನೀವು ಬರೀತಿದ್ರಲ್ಲ, ಆ ಕರಿ ಪರದೆ, ಅದರಾಗ ಚಿತ್ರ ಇರಂಗಿಲ್ಲಂತ ಖರೇನ್ರಿ?"

"ಬರೇ ಅಕ್ಷರ. ಯಾಕ?"

"ಚಿತ್ರ ಇದ್ದದ್ದು ನನ್ನ ಕಂಪ್ಯೂಟರಿಗಿ ಓದಾಕ ಬರಂಗಿಲ್ರಿ. ಬಟನ್ ಬಟನ್ ಅಂತದ, ಎಂಥಾ ಬಟನ್ ಅಂತ ಹೇಳಂಗಿಲ್ಲ. ಅಕ್ಷರ ಇದ್ರ ಎಲ್ಲಾ ಓದತದ. ಒಂದೀಟು ನಾ ಕೇಳಬಹುದೇನ್ರಿ?"

ಪರಿಮಳಾ ಚೀಲ ಕೆಳಗಿಟ್ಟಳು. ಯಾವ ಸಾಲು ಬರೆಯಬೇಕೆಂದು ಹೇಳಿಕೊಟ್ಟಳು. ಬುದ್ಧಪ್ರಿಯ ನಿಧಾನವಾಗಿ ಬರೆದ, ಎರಡು ಸಲ ತಪ್ಪಿದ, ಮೂರನೆಯ ಸಲಕ್ಕೆ ಸರಿಯಾಯಿತು. ಕಂಪ್ಯೂಟರ್ ತನ್ನ ಪಾಲಿಸಿಯನ್ನು ತಾನೇ ಓದಿ ಹೇಳಿತು: ಯಾರಿಗೆ ಒಳಗೆ ಅಪ್ಪಣೆ, ಯಾರನ್ನು ನಿನ್ನೆ ತಡೆದೆ, ಯಾಕೆ ತಡೆದೆ. ಅವನು ಉಸಿರು ಹಿಡಿದು ಕೇಳಿದ. ಮೂರು ದಿನ ತನ್ನ ಬಾಯಿ ಕಟ್ಟಿದ್ದು ಎಂಥದ್ದು ಎಂದು ಈಗ ಅವನಿಗೇ ತಿಳಿಯಿತು. "ಇಷ್ಟs ಏನ್ರಿ ಇದು?" ಎಂದ. "ಇದಕ್ಕs ಏನ್ರಿ ನಾ ಅಂಜಿ ಸತ್ತದ್ದು?"

ಆಗಲೇ ಪರಿಮಳಾಗೆ ಹೊಳೆದದ್ದು. ಸುರಪುರದ ಜನ ತನ್ನ ಮುಂದೆ ಬಾಯಿ ಬಿಡುವುದಿಲ್ಲ. ಇವನ ಮುಂದೆ ಬಿಡುತ್ತಾರೆ, ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳುತ್ತಾರೆ. "ಕೇಳು ಬುದ್ಧಪ್ರಿಯ," ಎಂದಳು. "ದಿನಾ ಮುಂಜಾನಿ ಇಲ್ಲೀದು ನೀನs ಓದಿ ಕೇಳಬೇಕು. ಯಾರಿಗಿ ಏನ್ ಬೇಕು, ಎದಕ್ಕ ಬೇಕು, ಅವರ್ನ ಕೇಳಿ ನನಗ ಹೇಳಬೇಕು. ಸುರಪುರದ ಮಟ್ಟಿಗಿ ನೀ ಹೂಂ ಅಂದದ್ದನ್ನs ನಾ ಪರೀಕ್ಷಾ ಮಾಡಿ ಸಿಕ್ಕಾ ಹೊಡೀತೀನಿ. ನೀ ಊಹೂಂ ಅಂದ್ರ ಇಲ್ಲ."

"ನಾನೇನ್ರಿ?"

"ಮತ್ತ ನಾನೇನು? ನನ್ನ ಕಂಡ್ರ ಮಂದಿ ಒಳ್ಳೆಯವರಾಗಿಬಿಡ್ತಾರ. ಅವರ್ನ ಒಳ್ಳೆಯವರು ಮಾಡಿ ನನಗೇನ್ ಆಗಬೇಕಾಗ್ಯದ?"

ಸೋಮವಾರ ಬೆಳಿಗ್ಗೆ ಶ್ರೀಮಂತ ಸಾಹೇಬರ ಕಾರು ಸುರಪುರಕ್ಕೆ ಬಂದಾಗ ಶಾಖೆ ಜನರಿಂದ ಗಿಜಿಗುಡುತ್ತಿತ್ತು. ಅವರ ಹಿಂದೆ ದಾನೇಶ್ವರಿ ಮುಜುಗರದಿಂದ ಇಳಿದಳು. ಪರಿಮಳಾ ಮೊದಲ ಬಸ್ಸಿಗೇ ಬಂದು ಮೇಜಿನ ಪಕ್ಕ ಕಾವಲು ನಿಂತಿದ್ದಳು. ತಪ್ಪು ತನ್ನದು, ಅವನದಲ್ಲ ಎಂದು ಬಾಗಿಲಲ್ಲೇ ಹೇಳಿದಳು, ಫಿರೋಜನ ಬೆರಳು ಬಾತ ಕಥೆಯನ್ನೂ ಸೇರಿಸಿ. ಸಾಹೇಬರು ಕೇಳಿಸಿಕೊಂಡರು, ಆದರೆ ಅವರ ಹುಬ್ಬು ಇಳಿಯಲಿಲ್ಲ.

"ಅಂದ್ರ ಇವನ ಸಲುವಾಗಿ ಈ ಕಂಪ್ಯೂಟರಿನ ಬಾಗಿಲು ತೆಗದಿಟ್ಟಿ. ನೆಗಡಿ ಬಂತಂತ ಮೂಗು ಕೊಯ್ಕೊಂಡಂಗಾತು."

"ಬಾಗಿಲು ಹಾಕೇ ಅದ್ರಿ ಸಾಹೇಬ್ರ."

"ನೋಡೇ ಬಿಡೋಣು." ಸಾಹೇಬರು ಅಂಗಿಯ ಜೇಬಿಗೆ ಕೈ ಹಾಕಿ, ಎರಡು ಬೆರಳಲ್ಲಿ ಚೇಳಿನ ಬಾಲ ಹಿಡಿದು ಎತ್ತಿದಂತೆ ಒಂದು ಪೆನ್ ಡ್ರೈವ್ ತೆಗೆದರು. ಮೂರೂ ಶಾಖೆಗೆ ಹಾಕಿಸಬೇಕೆಂದು ಅವರ ಪರಿಚಯದವರು ಮಾಡಿಕೊಟ್ಟ ಹಾಜರಿ ಪ್ರೋಗ್ರಾಮ್ ಅದರಲ್ಲಿತ್ತು. "ಇದನ್ನ ನಡಸಪ್ಪ. ನಡೀತಂದ್ರ ವೈರಸ್ಸೂ ನಡೀತದ. ಆ ತಂತಿ ತೆಗಿ, ನಾನೂ ಕೇಳ್ತೀನಿ."

ಬುದ್ಧಪ್ರಿಯ ಚುಚ್ಚಿ, ಕಡತ ಹುಡುಕಿ, ಎಂಟರ್ ಒತ್ತಿದ. ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿದರು. ಕಂಪ್ಯೂಟರ್ ಜೈಭೀಮ ಕಲಿಸಿದ ಸ್ಪಷ್ಟ ಉಚ್ಚಾರದಲ್ಲಿ, ಇಡೀ ಪಡಸಾಲೆಗೆ ಕೇಳುವಂತೆ ಹೇಳಿತು: "ಈ ಪ್ರೋಗ್ರಾಮಿಗೆ ಪರವಾನಗಿ ಇಲ್ಲ. ತಡೆಯಲಾಗಿದೆ."

ಹಿಂದಿನಿಂದ ಯಾವಳೋ ಮುದುಕಿ ಕಿಸಕ್ಕನೆ ನಕ್ಕಳು. ಸಾಹೇಬರು ತಾವೇ ಬಾಗಿ ಕೀಲಿ ಒತ್ತಿದರು. ಪರವಾನಗಿ ಇಲ್ಲ. ಇನ್ನೊಮ್ಮೆ ಒತ್ತಿದರು. ಇಲ್ಲ. ನೆಟ್ಟಗೆ ನಿಂತು, ಬುದ್ಧಪ್ರಿಯನ ಕಡೆ ಬಹಳ ಹೊತ್ತು ನೋಡಿದರು. ಅವರ ಮುಖದ ಬಿಗುವು ಸಡಿಲಿತು. ಬೇಸಿಗೆಯಿಂದ ಅವರು ಬೇಡಿಕೊಂಡದ್ದು ಇದೇ ಮಾತನ್ನು, ಯಾರ ಮುಖವನ್ನೂ ನೋಡದೆ ಇಲ್ಲ ಅನ್ನುವ ಒಂದು ಬಾಗಿಲನ್ನು.

"ದಾನೇಶ್ವರಿ," ಎಂದರು, "ನೀ ಶಹಾಪುರಕ್ಕ ಹೋಗವಾ. ಅಲ್ಲಿ ಫಿರೋಜನ ಬೆರಳು ಬಾತಾವಂತ, ಒಂದಿಷ್ಟು ಬರದು ಕೊಡು." ದಾನೇಶ್ವರಿ ಬದುಕಿದೆಯಾ ಬಡಜೀವವೇ ಎಂದು ಕಾರಿನ ಕಡೆ ಹೊರಟಳು. ಸಾಹೇಬರು ಪೆನ್ ಡ್ರೈವ್ ಕೈಯಲ್ಲಿ ಹಿಡಿದು ಪರಿಮಳಾಳನ್ನು ಕೇಳಿದರು, "ಖರೆ ಈ ಹಾಜರಿದು ನನಗ ಬೇಕಲ್ಲ. ಇದಕ್ಕ ಪರವಾನಗಿ ಯಾರು ಕೊಡಬೇಕು? ನೀನೇನು?"

"ಸುರಪುರದಾಗ ಮೊದಲ ಇವರು ಹೂಂ ಅನ್ನಬೇಕ್ರಿ," ಎಂದು ಪರಿಮಳಾ ಬುದ್ಧಪ್ರಿಯನ ಹೆಗಲ ಮೇಲೆ ಕೈಯಿಟ್ಟಳು. ಹಾಗೆ ಹೇಳುವಾಗ ಅವಳಿಗೆ ಆದ ಸಂತೋಷ ಯಾವ ಕಮಾಂಡಿನಿಂದಲೂ ಆದದ್ದಿಲ್ಲ.

ಬುದ್ಧಪ್ರಿಯ ಆಗಲೇ ಇಯರ್‌ಫೋನು ಕಿವಿಗೆ ಹಾಕಿಕೊಂಡು ಬೆಳಗಿನ ಸರದಿಗೆ ಕೈ ಹಚ್ಚಿದ್ದ. ಸಾಹೇಬರ ಕಡೆ ಮುಖ ತಿರುಗಿಸಿ, ಬಂದವರಿಗೆಲ್ಲ ಹೇಳುವ ಅದೇ ಮರ್ಯಾದೆಯ ದನಿಯಲ್ಲಿ ಹೇಳಿದ:

"ಜರಾ ಬೆಂಚಿನ ಮ್ಯಾಲ ಕುಂದರ್ರಿ ಸಾಹೇಬ್ರ. ನಿಮ್ಮ ಸರದಿ ಬಂದಾಗ ಕರೀತೀನಿ."

ಶ್ರೀಮಂತ ಸಾಹೇಬರು ಒಂದು ಕ್ಷಣ ನಿಂತರು. ಆಮೇಲೆ ಹೋಗಿ, ನಕ್ಕ ಮುದುಕಿ ಸರಿದು ಮಾಡಿಕೊಟ್ಟ ಜಾಗದಲ್ಲಿ ಕೂತರು.